ಮೆಲಟೋನಿನ್ ಗ್ರಾಹಕದ ಸಂಕೇತ ಅಳೆಯಲು ಸಿಎಎಂಪಿಯೋ, ಜಿಟಿಪಿ-ಗಾಮಾ-ಎಸ್ಸೋ?

ಮೆಲಟೋನಿನ್ ಗ್ರಾಹಕಗಳಾದ ಎಂಟಿ1, ಎಂಟಿ2 ಎರಡೂ ಮುಖ್ಯವಾಗಿ ಜಿಐ ಪ್ರೋಟೀನಿನ (ತಡೆಯೊಡ್ಡುವ ಬಗೆಯ ಜಿ ಪ್ರೋಟೀನ್) ಮೂಲಕ ಅಡೆನಿಲೈಲ್ ಸೈಕ್ಲೇಸ್ ಕಿಣ್ವವನ್ನು ತಡೆಯುತ್ತವೆ, ಅದು ತಯಾರಿಸುವ ಸಿಎಎಂಪಿ (ಕೋಶದೊಳಗೆ ಸಂಕೇತ ಒಯ್ಯುವ ಅಣು) ಇಳಿಯುತ್ತದೆ. ಜೀವಂತ ಕೋಶದಲ್ಲೇ ಇದನ್ನು ನೋಡಬೇಕಿದ್ದರೆ ಸಿಎಎಂಪಿ ಪರೀಕ್ಷೆಯೇ ಸರಿ. ಆದರೆ ಇಳಿದದ್ದು ಕಾಣಬೇಕಾದರೆ ಮೊದಲು ಏರಿರಬೇಕು, ಹಾಗಾಗಿ ಆ ಕಿಣ್ವವನ್ನು ಚುರುಕುಗೊಳಿಸುವ ಫೋರ್ಸ್ಕೋಲಿನ್ ಹಾಕಲೇಬೇಕು. ಹೆಚ್ಚಿನವರು ಎಡವುವುದೇ ಇಲ್ಲಿ: ಅದು ಅತಿಯಾದರೆ ಮೆಲಟೋನಿನ್ನಿನ ತಡೆ ಮುಚ್ಚಿಹೋಗುತ್ತದೆ. ಮೊದಲು ಫೋರ್ಸ್ಕೋಲಿನ್ ಒಂದನ್ನೇ 0.1ರಿಂದ 30 ಮೈಕ್ರೋಮೋಲಾರ್‌ವರೆಗೆ ಹಾಕಿ ನೋಡಿ, ಗರಿಷ್ಠದ ಶೇ. 50–80 ಏರಿಸುವ ಪ್ರಮಾಣ ಸಾಕು. ಫಾಸ್ಫೋಡೈಎಸ್ಟರೇಸ್ ಕಿಣ್ವವನ್ನು ತಡೆಯುವ ಐಬಿಎಂಎಕ್ಸ್ ಬೆರೆಸದಿದ್ದರೆ ಆ ಕಿಣ್ವ ಸಿಎಎಂಪಿಯನ್ನು ಒಡೆಯುತ್ತಲೇ ಇರುತ್ತದೆ.

ಜಿಟಿಪಿ-ಗಾಮಾ-ಎಸ್ (ಸುಲಭವಾಗಿ ಒಡೆಯದ ಜಿಟಿಪಿ ರೂಪ) ಚಾಲನೆಗೊಂಡ ಜಿ ಪ್ರೋಟೀನಿಗೆ ಅಂಟುವುದನ್ನು ಅಳೆಯುವ ಪರೀಕ್ಷೆಗೆ ಕೋಶಪೊರೆ ಸಾಕು. ಮುಂದಿನ ಹಂತಗಳ ವರ್ಧನೆ ಇಲ್ಲದ್ದರಿಂದ ಭಾಗಶಃ ಆಗೊನಿಸ್ಟ್‌ಗಳನ್ನು (ಗ್ರಾಹಕವನ್ನು ಪೂರ್ತಿಯಾಗಿ ಚಾಲನೆಗೊಳಿಸದ ಅಣುಗಳನ್ನು) ಗುರುತಿಸಲು ಇದೇ ಮೇಲು. ಆದರೆ ಜಿಟಿಪಿ-ಗಾಮಾ-ಎಸ್‌ನಲ್ಲಿ ಗುರುತಾಗಿರುವ ವಿಕಿರಣಶೀಲ ಗಂಧಕ-35ಕ್ಕೆ ಅನುಮತಿ ಬೇಕು. ಜಿ ಪ್ರೋಟೀನನ್ನು ನಿಷ್ಕ್ರಿಯವಾಗಿಡುವ ಜಿಡಿಪಿ ಕಡಿಮೆಯಾದರೆ ಹಿನ್ನೆಲೆ ಸಂಕೇತ ಏರುತ್ತದೆ.

ಯಾವುದನ್ನೇ ಆರಿಸಿ, ಕೋಶಗಳ ಒಂದು ಪಾಲಿಗೆ ರಾತ್ರಿಯಿಡೀ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಪರ್ಟುಸಿಸ್ ಟಾಕ್ಸಿನ್ (ಜಿಐ ಪ್ರೋಟೀನನ್ನು ಕೆಲಸ ಮಾಡದಂತೆ ಮಾಡುವ ವಿಷ) ಕೊಡಿ. ಸಂಕೇತ ಅಳಿಯದಿದ್ದರೆ ಅದು ಜಿಐ ದಾರಿಯದ್ದಲ್ಲ.