ಐದು ಮಳೆಗಾಲ ಕಂಡ ಸ್ಟಾರ್ಟ್-ಸ್ಟಾಪ್: ಮಂಗಳೂರಿನ ಸಿಗ್ನಲ್‌ಗಳಲ್ಲಿ ಉಳಿದ ಪೆಟ್ರೋಲ್ ಎಷ್ಟು?

ಕೆಂಪು ದೀಪದಲ್ಲಿ ಎಂಜಿನ್ ತಾನಾಗಿಯೇ ನಿಲ್ಲುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡು ಐದು ಮಳೆಗಾಲಗಳು ಕಳೆದವು. ಈವರೆಗೆ ಓಡಿದ್ದು 38,000 ಕಿಲೋಮೀಟರ್. ಅದರ ಹೆಚ್ಚಿನ ಪಾಲು ಹೆದ್ದಾರಿ 66ರಲ್ಲಿ ಉಡುಪಿಗೆ ಹೋಗಿ ಬಂದದ್ದು, ಆ ಓಟಕ್ಕೂ ಈ ವ್ಯವಸ್ಥೆಗೂ ಸಂಬಂಧವಿಲ್ಲ. ಇಲ್ಲಿ ಬರೆಯುತ್ತಿರುವುದು ಬಿಜೈಯ ಮನೆಯಿಂದ ಲಾಲ್‌ಬಾಗ್, ಪಿವಿಎಸ್, ಹಂಪನಕಟ್ಟೆ ದಾಟಿ ಪಾಂಡೇಶ್ವರದ ಕಚೇರಿಗೆ ಹೋಗಿ ಬರುವ ನಿತ್ಯದ ಓಡಾಟದ ಬಗ್ಗೆ.

ಕಾರು ನಿಂತ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್‌ನಿಂದ ಕಾಲು ತೆಗೆದರೆ ಎಂಜಿನ್ ನಿಲ್ಲುತ್ತದೆ, ಕ್ಲಚ್ ಒತ್ತಿದರೆ ಮತ್ತೆ ಚಾಲೂ ಆಗುತ್ತದೆ. ಗೇರ್ ಹಾಕುವಷ್ಟರಲ್ಲಿ ಎಂಜಿನ್ ಸಿದ್ಧವಾಗಿರುವುದರಿಂದ ಇದರಿಂದಾಗಿ ಹಿಂದಿನವರನ್ನು ಕಾಯಿಸಿದ್ದು ನೆನಪಿಲ್ಲ. ನಮ್ಮ ಸಿಟಿ ಬಸ್ಸುಗಳು ಹಸಿರು ಬೀಳುವ ಮೊದಲೇ ಹಾರ್ನ್ ಹೊಡೆಯುತ್ತವೆ ಎಂಬುದು ಬೇರೆ ಮಾತು. ಮತ್ತೆ ಮತ್ತೆ ಚಾಲೂ ಮಾಡಿದರೆ ಪೆಟ್ರೋಲ್ ಹೆಚ್ಚು ಸುಡುತ್ತದೆ ಎಂದು ಕಾರ್ಬ್ಯುರೇಟರ್ ಕಾಲದ ಹಿರಿಯರು ಈಗಲೂ ಎಚ್ಚರಿಸುತ್ತಾರೆ. ಇಂದಿನ ಇಂಜೆಕ್ಷನ್ ಎಂಜಿನ್‌ಗಳಿಗೆ ಆ ಮಾತು ಹೊಂದುವುದಿಲ್ಲ; ಸುಮಾರು ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಎಂಜಿನ್ ನಿಲ್ಲಿಸುವುದರಲ್ಲೇ ಇಂಧನ ಉಳಿಯುತ್ತದೆ.

ಆದರೆ ಕರಾವಳಿಯ ಹವೆ ಈ ಲೆಕ್ಕವನ್ನು ಕೆಡಿಸುತ್ತದೆ. ಎಸಿಯ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವಂಥದ್ದು. ಎಂಜಿನ್ ನಿಂತೊಡನೆ ತಂಪು ನಿಂತು ಬರಿಯ ಫ್ಯಾನಿನ ಗಾಳಿ ಉಳಿಯುತ್ತದೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಅರ್ಧ ನಿಮಿಷವೂ ಆಗುವ ಮೊದಲೇ ಒಳಗಿನ ಉಷ್ಣತೆ ಏರಿ, ಕೆಂಪು ದೀಪ ಇನ್ನೂ ಉರಿಯುತ್ತಿರುವಾಗಲೇ ಎಂಜಿನ್ ತಾನಾಗಿ ಎದ್ದುಬಿಡುತ್ತದೆ. ಮಳೆಗಾಲದ ಕಥೆ ಇದಕ್ಕಿಂತ ನೀರಸ. ಮುಂದಿನ ಗಾಜಿಗೆ ಮಂಜು ಕಟ್ಟದಂತೆ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿದರೆ ನನ್ನ ಕಾರಿನಲ್ಲಿ ಸ್ಟಾರ್ಟ್-ಸ್ಟಾಪ್ ಕೆಲಸವನ್ನೇ ಮಾಡುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ತಿರುಗಿಸದೆ ಇಲ್ಲಿ ಕಾರು ಓಡಿಸುವವರು ಯಾರಿದ್ದಾರೆ? ಕಾರಿನ ಪರದೆ ತೋರಿಸುವ ಅಂಕಿಗಳನ್ನು ನಾನು ಒಂದು ವರ್ಷ ಬರೆದಿಟ್ಟಿದ್ದೆ: ಕಿಟಕಿ ಇಳಿಸಿ ಓಡಾಡಿದ ಜನವರಿಯಲ್ಲಿ ಎಂಜಿನ್ ನಿಂತದ್ದು ಒಟ್ಟು ಎರಡು ಗಂಟೆಗೂ ಹೆಚ್ಚು, ಜುಲೈಯಲ್ಲಿ ಹದಿನೈದು ನಿಮಿಷ.

ಇನ್ನೊಂದು ತೊಡಕು ಏರುತಗ್ಗಿನದು. ಕೆಂಪು ದೀಪ ಬಿದ್ದರೆ ಎಂಜಿನ್ ಬಂದ್ ಮಾಡಿ ಎಂದು ದೆಹಲಿ ಸರಕಾರ 2020ರ ಅಕ್ಟೋಬರಿನಲ್ಲಿ ಅಭಿಯಾನ ನಡೆಸಿತ್ತು. ದೆಹಲಿಯ ರಸ್ತೆಗಳು ಹೆಚ್ಚಾಗಿ ಸಮತಟ್ಟು, ಮಂಗಳೂರು ಗುಡ್ಡಗಳ ಊರು. ಎಂಜಿನ್ ನಿಂತಾಗ ಬ್ರೇಕಿಗೆ ಬಲ ಕೊಡುವ ನಿರ್ವಾತ ಒಂದೆರಡು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸ್ಟಾರ್ಟ್-ಸ್ಟಾಪ್ ಇದನ್ನು ಗಮನಿಸುತ್ತಿರುತ್ತದೆ. ಏರಿನಲ್ಲಿ ನಿಂತಾಗ ನಾನು ಬ್ರೇಕನ್ನು ಎರಡು ಮೂರು ಸಲ ಸಡಿಲಿಸಿ ಒತ್ತಿದರೆ ಎಂಜಿನ್ ತಾನೇ ಚಾಲೂ ಆಗುತ್ತದೆ. ಬರಿಯ ಕೀಲಿಯಿಂದ ಬಂದ್ ಮಾಡುವವರಿಗೆ ಈ ಕಾವಲು ಇರುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಕೀಲಿ ತಿರುಗಿಸಬೇಡಿ. ಉರುಳುತ್ತಿರುವ ಕಾರಿನಲ್ಲಂತೂ ಸ್ಟಿಯರಿಂಗ್ ಲಾಕ್ ಆಗುವ ಅಪಾಯವೂ ಉಂಟು.

ನಂತೂರಿನಂಥ ಕಡೆ ಎರಡು ಗಾಡಿಯುದ್ದ ಸರಿದು ನಿಲ್ಲುವ ಸಾಲಿನಲ್ಲಿ ಇದು ಶುದ್ಧ ಕಿರಿಕಿರಿ. ಅಲ್ಲಿ ನಾನು ಡ್ಯಾಶ್‌ಬೋರ್ಡಿನ ಆಫ್ ಬಟನ್ ಒತ್ತಿಬಿಡುತ್ತೇನೆ.

ಹಣದ ಮಾತಿಗೆ ಬಂದರೆ, ಪರದೆಯ ಲೆಕ್ಕದ ಪ್ರಕಾರ ಆ ವರ್ಷ ಉಳಿದದ್ದು ಒಂಬತ್ತು ಲೀಟರ್, ಅಂದರೆ ಒಂಬೈನೂರು ರೂಪಾಯಿಗಿಂತ ತುಸು ಹೆಚ್ಚು. ಸಂತೋಷಪಡುವಷ್ಟರಲ್ಲಿ ನಾಲ್ಕನೆಯ ವರ್ಷ ಬ್ಯಾಟರಿ ಸೋತಿತು. ದಿನಕ್ಕೆ ಹತ್ತಾರು ಸಲ ಎಂಜಿನ್ ಎಬ್ಬಿಸುವ ಇಂಥ ಕಾರುಗಳಿಗೆ ಇಎಫ್‌ಬಿ ಎಂಬ ಗಟ್ಟಿಮುಟ್ಟಾದ ಬ್ಯಾಟರಿ ಬೇಕು. ಅದಕ್ಕೆ ಸಾಮಾನ್ಯ ಬ್ಯಾಟರಿಗಿಂತ 2,500 ರೂಪಾಯಿ ಹೆಚ್ಚು ತೆತ್ತೆ. ಅಗ್ಗದ್ದನ್ನು ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಒತ್ತಾಯಿಸಿದ್ದರು, ಕೇಳಲಿಲ್ಲ. ಸಾಮಾನ್ಯ ಬ್ಯಾಟರಿ ಈ ದುಡಿಮೆಗೆ ಬೇಗ ಬಳಲುತ್ತದೆ. ಅಂತೂ ನಾಲ್ಕು ವರ್ಷಗಳ ನಿಜವಾದ ಉಳಿತಾಯ ಸಾವಿರದ ಆಸುಪಾಸು, ಮನೆಮಂದಿಯೆಲ್ಲ ಒಂದು ಸಂಜೆ ಗಡ್‌ಬಡ್ ತಿಂದರೆ ಸರಿಹೋಗುವ ಮೊತ್ತ. ಸ್ಟಾರ್ಟರ್ ಮೋಟರ್ ಮಾತ್ರ ಈವರೆಗೆ ಒಂದು ದಿನವೂ ತಕರಾರು ಮಾಡಿಲ್ಲ. ಗಿಡ್ಡ ಓಡಾಟದಲ್ಲಿ ಬ್ಯಾಟರಿ ಪೂರ್ತಿ ತುಂಬದಿದ್ದರೆ ವ್ಯವಸ್ಥೆ ತಾನೇ ಸುಮ್ಮನಾಗುತ್ತದೆ. ಅದನ್ನು ಕೆಟ್ಟುಹೋಗಿದೆ ಎಂದು ತಿಳಿದು ನಾನು ಒಮ್ಮೆ ಸರ್ವಿಸ್‌ಗೆ ಒಯ್ದದ್ದುಂಟು.

ಕಾರಿನ ಜೊತೆಗೆ ಬಂದಿದ್ದರೆ ಇರಲಿ, ಆದರೆ ಇದೊಂದಕ್ಕಾಗಿ ಮೇಲಿನ ಮಾದರಿಗೆ ಹೆಚ್ಚು ಹಣ ಕೊಡಬೇಡಿ. ದಿನವೂ ಎಸಿ ಹಾಕುವವರಂತೂ ಇದನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ಪಾಂಡೇಶ್ವರದ ರೈಲ್ವೆ ಗೇಟ್ ಬಿದ್ದಾಗ ನಾನು ಇದನ್ನು ನೆಚ್ಚುವುದಿಲ್ಲ. ಅಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತಿರುಗಿಸಿ, ಕಿಟಕಿ ಇಳಿಸಿ ಕುಳಿತರೆ ಗೇಟ್ ಏಳುವವರೆಗೂ ಹನಿ ಪೆಟ್ರೋಲ್ ಸುಡುವುದಿಲ್ಲ.