ಮೂರು ಹಂತದ ಕೈಪಂಪ್: 300 ಬಾರ್ ಸ್ಟಿಕರ್ ಬಿಡಿ, ನೀರು ಎಲ್ಲಿಗೆ ಹೋಗುತ್ತದೆ ನೋಡಿ

10 ಮೀಟರ್ ಏರ್ ರೈಫಲ್ ಶೂಟರ್‌ಗಳು ಮನೆಯಲ್ಲೇ ರೈಫಲ್ಲಿನ ಗಾಳಿ ಸಿಲಿಂಡರ್ ತುಂಬಿಕೊಳ್ಳಲು ಕೊಳ್ಳುವ ನಿಂತು ಒತ್ತುವ ಪಂಪ್ ಇದು. ನೋಡಲು ಸೈಕಲ್ ಪಂಪಿನ ಅಣ್ಣನಂತಿದೆ. ಸ್ಟಿಕರ್ ಹತ್ತಾರು, ಬಣ್ಣ ಹತ್ತಾರು. ಬಿಚ್ಚಿದರೆ ಒಳಗಿನ ಹೂರಣ ಬಹುಪಾಲು ಒಂದೇ. ಒಂದರೊಳಗೊಂದು ಜಾರುವ ಮೂರು ಕೊಳವೆ (ಒಂದೊಂದೂ ಒಂದು ಹಂತ), ಬುಡದಲ್ಲಿ ಗೇಜ್, ಗಾಳಿ ಬಿಡುವ ಸ್ಕ್ರೂ, ಒಂದು ಹೋಸ್, ಮಡಚುವ ಕಾಲ್ಪಟ್ಟಿ. ಹಾಗಾಗಿ ಇಲ್ಲಿ ಬ್ರ್ಯಾಂಡ್ ಹೆಸರಿಲ್ಲ, ಈ ಜಾತಿಯ ಪಂಪಿನ ವಿಮರ್ಶೆ ಇದೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಒಬ್ಬ ಶೂಟರ್, ವಾರಕ್ಕೆ ಎರಡು ಮೂರು ಸಲ ತುಂಬುವುದು, ಅಷ್ಟಕ್ಕೆ ಒಳ್ಳೆಯ ಸಾಮಾನು. ಅಕಾಡೆಮಿಗೆ ಬೇಡ.

ಮೊದಲು ಲೆಕ್ಕ. ಮ್ಯಾಚ್ ರೈಫಲ್‌ಗಳ ಸಿಲಿಂಡರಿಗೆ ಸಾಮಾನ್ಯವಾಗಿ 200 ಬಾರ್ ಮಿತಿ; ಬಾರ್ ಅಂದರೆ ಒತ್ತಡದ ಅಳತೆ. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಬಾರ್ ಅಂದರೆ ಅಂತರ ಗೊತ್ತಾಗುತ್ತದೆ. ಸಿಲಿಂಡರ್ 100 ಸಿಸಿ ಎಂದಿಟ್ಟುಕೊಳ್ಳಿ. 100ರಿಂದ 200 ಬಾರ್‌ಗೆ ಏರಿಸಲು ಹೊರಗಿನ 10 ಲೀಟರ್ ಗಾಳಿಯನ್ನು ಒಳಗೆ ತುರುಕಬೇಕು. ಪಂಪಿನ ಮೊದಲ ಕೊಳವೆಯ ಒಳವ್ಯಾಸ 20 ಮಿಮೀ, ಓಟ 50 ಸೆಂಮೀ ಇದ್ದರೆ ಒಂದು ಎಳೆತಕ್ಕೆ ಸಿಗುವುದು ಸುಮಾರು 157 ಸಿಸಿ. ಕಾಗದದ ಮೇಲೆ 64 ಒತ್ತು ಸಾಕು. ಆದರೆ ಪ್ರತಿ ಹಂತದ ತಳದಲ್ಲಿ ಒಂದಿಷ್ಟು ಗಾಳಿ ಮುಂದಕ್ಕೆ ಹೋಗದೆ ಉಳಿದುಬಿಡುತ್ತದೆ, ಒತ್ತಡ ಏರಿದಂತೆ ಈ ನಷ್ಟವೂ ಏರುತ್ತದೆ. 90-100 ಒತ್ತಿಗೆ ತಯಾರಿರಿ. 100ರಿಂದ 120ಕ್ಕೆ ಎಷ್ಟು ಒತ್ತು, 180ರಿಂದ 200ಕ್ಕೆ ಎಷ್ಟು ಒತ್ತು ಎಂದು ಹೊಸತರಲ್ಲೇ ಎಣಿಸಿ ಬರೆದಿಡಿ. ಆರು ತಿಂಗಳ ಮೇಲೆ ಎರಡನೇ ಸಂಖ್ಯೆ ಎರಡು ಪಟ್ಟಾಗಿದ್ದರೆ ಒಳಗೆ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆದಿದೆ ಎಂದರ್ಥ.

ಇನ್ನು ಪಂಪಿನ ಮೇಲೆ ಅಂಟಿಸಿರುವ ಆ 300 ಬಾರ್ ಸ್ಟಿಕರ್. ಕೊನೆಯ ಹಂತದ ಪಿಸ್ಟನ್ 6 ಮಿಮೀ ಇದ್ದರೆ, 200 ಬಾರ್‌ನಲ್ಲಿ ಅದನ್ನು ಕೆಳಗಿಳಿಸಲು ಸುಮಾರು 58 ಕೆಜಿ ಭಾರ ಬೇಕು. 300 ಬಾರ್‌ಗೆ 86 ಕೆಜಿ. ಐವತ್ತು ಕೆಜಿ ತೂಗುವ ಕಾಲೇಜು ಹುಡುಗಿ 200ರ ಹತ್ತಿರವೇ ಹ್ಯಾಂಡಲ್ ಮೇಲೆ ನೇತಾಡಬೇಕಾಗುತ್ತದೆ. ಪಂಪ್ ತಾಳಬಹುದು, ಒತ್ತುವವರ ತೂಕ ಸಾಲದು. ನಿಮ್ಮ ಸಿಲಿಂಡರ್ 200 ಬಾರಿನದಾದರೆ ಆ ಸ್ಟಿಕರಿಗೆ ಹೆಚ್ಚಿಗೆ ದುಡ್ಡು ಕೊಡುವುದು ದಂಡ.

ಈ ಪಂಪಿನ ನಿಜವಾದ ಪರೀಕ್ಷೆ ನೀರು. ಇದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಜುಲೈ ತಿಂಗಳ ಮಂಗಳೂರು, 28 ಡಿಗ್ರಿ, 90 ಶೇಕಡ ತೇವ: ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 10 ಲೀಟರಿಗೆ ಕಾಲು ಗ್ರಾಂ, ಅಂದರೆ ಐದು ಹನಿ. ಆ ಗಾಳಿಯನ್ನು 100 ಸಿಸಿಗೆ ಹಿಂಡಿ ತಣಿಸಿದರೆ ಆವಿಯಾಗಿ ಉಳಿಯುವುದು ಲೆಕ್ಕಕ್ಕಿಲ್ಲದಷ್ಟು, ಮಿಕ್ಕದ್ದೆಲ್ಲ ನೀರು. ತಡೆಯದೆ ಬಿಟ್ಟರೆ ಇಪ್ಪತ್ತು ಸಲ ತುಂಬುವಷ್ಟರಲ್ಲಿ ಒಂದು ಟೀ ಚಮಚ ನೀರು ಪಂಪು ಮತ್ತು ಸಿಲಿಂಡರ್ ಸೇರಿರುತ್ತದೆ. ಅದೇ ಗಾಳಿ ಫೆಬ್ರವರಿಯ ಬೆಂಗಳೂರಿನಲ್ಲಿ, ಮಧ್ಯಾಹ್ನ 30 ಶೇಕಡ ತೇವ ಇದ್ದಾಗ, ಮೂರನೇ ಒಂದು ಪಾಲು ನೀರನ್ನಷ್ಟೇ ತರುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಎಸಿ ಇರುವ ಕೋಣೆಯಲ್ಲಿ ಪಂಪ್ ಮಾಡಿದರೆ ಅರ್ಧ ಕೆಲಸ ಆದಂತೆ. ಒಳಹೋದ ನೀರು ಸ್ಟೀಲ್ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ, ಅಲ್ಯೂಮಿನಿಯಂನಲ್ಲಿ ಬಿಳಿ ಪುಡಿ ಏಳಿಸುತ್ತದೆ. ಆ ಪುಡಿ ರೆಗ್ಯುಲೇಟರಿನ (ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಸೀಟಿಗೆ ಕೂತರೆ ಒತ್ತಡ ತಾನಾಗೇ ನಿಧಾನಕ್ಕೆ ಏರತೊಡಗುತ್ತದೆ, ಗುಂಡು ಒಂದು ಮೇಲೆ ಒಂದು ಕೆಳಗೆ. ಶೂಟರ್ ಮಾತ್ರ ತನ್ನ ಟ್ರಿಗರನ್ನು ಬೈಯುತ್ತಿರುತ್ತಾನೆ.

ಆದ್ದರಿಂದ ಗಾಳಿ ಒಳಹೋಗುವ ಬಾಯಿಗೆ ಸಿಲಿಕಾ ಜೆಲ್ ಡಬ್ಬಿ ಇರುವ ಮಾದರಿಯನ್ನೇ ಆರಿಸಿ. 10 ಗ್ರಾಂ ಜೆಲ್ ಸುಮಾರು 2 ಗ್ರಾಂ ನೀರು ಹಿಡಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಎಂಟು ಸಲ ತುಂಬುವಷ್ಟಕ್ಕೆ ಅದರ ಹೊಟ್ಟೆ ತುಂಬುತ್ತದೆ. ಕಿತ್ತಳೆ ಕಾಳು ಹಸಿರಾದರೆ, ನೀಲಿ ಕಾಳು ಗುಲಾಬಿಯಾದರೆ, ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಹಾಕಿ. ಅಡುಗೆ ಪಾತ್ರೆ ಬೇಡ. ನೀಲಿಯ ಬಣ್ಣ ಕೋಬಾಲ್ಟ್ ಲವಣದ್ದು, ಹೊಟ್ಟೆಗೆ ಹೋಗಬಾರದು. ಬುಡದಲ್ಲಿ ಹತ್ತಿಯ ಫಿಲ್ಟರ್ ಮಾತ್ರ ಇರುವ ಪಂಪುಗಳೂ ಬರುತ್ತವೆ. ಅದು ಹನಿ ಹಿಡಿಯುತ್ತದೆ, ಆವಿ ಹಿಡಿಯುವುದಿಲ್ಲ.

ಒತ್ತುವುದಕ್ಕೂ ಒಂದು ಕ್ರಮ ಇದೆ. ಕೈ ನೆಟ್ಟಗಿಟ್ಟು ಮೈಭಾರ ಹಾಕಬೇಕು, ತೋಳಿನ ಬಲ ಅಲ್ಲ. ಹ್ಯಾಂಡಲ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ. ಕೆಳಗೆ ಮುಟ್ಟಿದಾಗ ಒಂದೆರಡು ಕ್ಷಣ ತಡೆಯಿರಿ, ಗಾಳಿ ದಾಟಲಿ. ಅರ್ಧಂಬರ್ಧ ಒತ್ತಿದರೆ ಕೊನೆಯ ಹಂತದ ವಾಲ್ವ್ ತೆರೆಯುವಷ್ಟು ಒತ್ತಡವೇ ಹುಟ್ಟುವುದಿಲ್ಲ, ಶಾಖ ಮಾತ್ರ ಹುಟ್ಟುತ್ತದೆ. 40-50 ಒತ್ತಿಗೊಮ್ಮೆ ಹತ್ತು ನಿಮಿಷ ಬಿಡುವು ಕೊಡಿ. ಕಲಬುರಗಿಯ ಏಪ್ರಿಲ್‌ನಲ್ಲಿ ಇನ್ನೂ ಬೇಗ ನಿಲ್ಲಿಸಿ. ಬುಡ ಮುಟ್ಟಲಾಗದಷ್ಟು ಬಿಸಿಯಾದರೆ ಓ-ರಿಂಗ್ ಮೆತ್ತಗಾಗಿ ಸಂದಿಗೆ ಸಿಕ್ಕಿ ಹರಿಯುತ್ತದೆ. 45 ಡಿಗ್ರಿಯಲ್ಲಿ 200 ತೋರಿಸಿದ ಸಿಲಿಂಡರ್ 25 ಡಿಗ್ರಿಗೆ ತಣಿದಾಗ 187 ತೋರಿಸುತ್ತದೆ. ಅದು ಸೋರಿಕೆ ಅಲ್ಲ, ಅಂಗಡಿಯವನ ಜೊತೆ ಜಗಳ ಬೇಡ. ಮುಗಿದ ಮೇಲೆ ಗಾಳಿ ಬಿಡುವ ಸ್ಕ್ರೂ ತೆರೆದು, ಗೇಜ್ ಸೊನ್ನೆಗೆ ಬಂದ ನಂತರವೇ ಹೋಸ್ ಬಿಚ್ಚಿ. ಆ ಬಾಯಿಗೆ ಟಿಶ್ಯೂ ಕಾಗದ ಹಿಡಿದು ನೋಡಿ, ಒದ್ದೆಯಾದರೆ ಜೆಲ್ ಬದಲಿಸುವ ಕಾಲ.

ಗೇಜನ್ನು ದೇವರೆಂದು ನಂಬಬೇಡಿ. 400 ಬಾರ್‌ವರೆಗಿನ, 2.5 ದರ್ಜೆಯ (ಪೂರ್ತಿ ಅಳತೆಯ 2.5 ಶೇಕಡದಷ್ಟು ತಪ್ಪು ಸಲ್ಲುವ) ಪುಟ್ಟ ಗೇಜಿನಲ್ಲಿ ಹತ್ತು ಬಾರ್ ಆಚೀಚೆ ಇರುವುದು ನಿಯಮದೊಳಗೇ ಬರುತ್ತದೆ. 190ಕ್ಕೆ ನಿಲ್ಲಿಸಿದರೆ ಏನೂ ಕಳೆದುಕೊಳ್ಳುವುದಿಲ್ಲ. 60 ಗುಂಡಿನ ಮ್ಯಾಚು, ಅದರ ಮುಂಚೆ ಗುರಿ ಹೊಂದಿಸಿಕೊಳ್ಳಲು ಹೊಡೆಯುವ ಸೈಟಿಂಗ್ ಗುಂಡುಗಳೂ ಸೇರಿ, ಆರಾಮವಾಗಿ ಮುಗಿಯುತ್ತದೆ.

ರಿಪೇರಿ ಸುಲಭ, ಇದಕ್ಕೆ ಪೂರ್ತಿ ಅಂಕ. ಹ್ಯಾಂಡಲ್ ತಾನಾಗೇ ಮೇಲೇಳುತ್ತಿದ್ದರೆ ಬುಡದ ಹಿಮ್ಮರಳು ತಡೆಯುವ ವಾಲ್ವ್ ಸೋರುತ್ತಿದೆ, ಹೆಚ್ಚಾಗಿ ಅಲ್ಲಿ ಕಸ ಕೂತಿರುತ್ತದೆ. ಒತ್ತಲು ಹಗುರ, ಸೂಜಿ ಮಾತ್ರ ಒಂದೇ ಕಡೆ ನಿಂತಿದೆ ಎಂದರೆ ನಡುವಿನ ಅಥವಾ ಕೊನೆಯ ಹಂತದ ರಿಂಗ್ ಹೋಗಿದೆ. ಮೇಲಕ್ಕೆಳೆಯುವಾಗ ಹೀರಿ ಹಿಡಿದಂತಾದರೆ ಗಾಳಿಯ ಬಾಯಿ ಕಟ್ಟಿದೆ, ಜೆಲ್ ಪುಡಿಯಾಗಿರಬಹುದು. ಸೀಲ್ ಕಿಟ್ ಪಂಪಿನ ಜೊತೆಗೇ ತೆಗೆದುಕೊಳ್ಳಿ. ಮುಗಿದುಹೋದರೆ ಪೀಣ್ಯದಂಥ ಕಡೆ ಹೈಡ್ರಾಲಿಕ್ ಸೀಲ್ ಮಾರುವವರಿಗೆ ಹಳೆಯ ರಿಂಗ್ ತೋರಿಸಿ. ಕೊನೆಯ ಹಂತಕ್ಕೆ 90 ಶೋರ್ (ರಬ್ಬರಿನ ಗಡಸುತನದ ಅಳತೆ) ಗಡಸಿನದು ಕೇಳಿ, ಮಾಮೂಲಿ 70ರದ್ದು ಹೆಚ್ಚು ದಿನ ಬಾಳದು. ಹಚ್ಚುವುದು ಸಿಲಿಕೋನ್ ಗ್ರೀಸ್, ಅದೂ ತೆಳುವಾಗಿ. ಹೊಲಿಗೆ ಯಂತ್ರದ ಎಣ್ಣೆ, ಬೈಕಿನ ಗ್ರೀಸ್ ಖಂಡಿತ ಬೇಡ. ಬಿಸಿಯಾದ ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆಯ ಮಂಜು ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳಬಲ್ಲದು.

ಅಡಾಪ್ಟರ್ ವಿಷಯದಲ್ಲಿ ಎಚ್ಚರ. ವಾಲ್ಥರ್, ಫೈನ್‌ವೆರ್ಕ್‌ಬಾವ್ ಅಂತ ರೈಫಲ್ ಬದಲಾದರೆ ತುಂಬುವ ಅಡಾಪ್ಟರೂ ಬದಲಾಗಬಹುದು. ಕೊಳ್ಳುವಾಗಲೇ ನಿಮ್ಮ ಸಿಲಿಂಡರ್ ತೋರಿಸಿ ಹೊಂದಿಸಿಕೊಳ್ಳಿ. ಕೈಯಲ್ಲಿ ಸಲೀಸಾಗಿ ತಿರುಗಿ ಕೂರಬೇಕು. ಟೆಫ್ಲಾನ್ ಟೇಪ್ ಸುತ್ತಿ ಸೋರಿಕೆ ನಿಲ್ಲಿಸುವುದು ನಲ್ಲಿಗೆ ಸರಿ, ಇಲ್ಲಿ ಅದರ ಚೂರು ಹೋಗಿ ವಾಲ್ವಿನೊಳಗೆ ಕೂರುತ್ತದೆ. ಲೇತ್ ಅಂಗಡಿಯಲ್ಲಿ ಅಡಾಪ್ಟರ್ ಕಡೆಸುವುದು, ಇನ್ನೂ ಮುಂದೆ ಹೋಗಿ ಸಿಲಿಂಡರನ್ನೇ ಮಾಡಿಸುವುದು ಬೇಡವೇ ಬೇಡ. 200 ಬಾರ್ ತುಂಬಿದ 100 ಸಿಸಿಯಲ್ಲಿ ಸುಮಾರು 4,000 ಜೂಲ್ ಶಕ್ತಿ ಕೂತಿರುತ್ತದೆ: 40 ಕೆಜಿ ಮೂಟೆ ಮೂರನೇ ಮಹಡಿಯಿಂದ ಬಿದ್ದಷ್ಟು. ರೈಫಲ್ ಬಿಡುವ ಪೆಲೆಟ್‌ನಲ್ಲಿರುವುದು ಏಳೂವರೆ ಜೂಲ್ ಆಸುಪಾಸು ಮಾತ್ರ.

ಅಕಾಡೆಮಿ ನಡೆಸುವವರಿಗೆ 300 ಬಾರಿನ ದೊಡ್ಡ ಸಿಲಿಂಡರ್ ವಾಸಿ. 3 ಲೀಟರಿನದರಲ್ಲಿ 300ರಿಂದ 200ಕ್ಕೆ ಇಳಿಯುವಷ್ಟರಲ್ಲಿ ಕಾಗದದ ಮೇಲೆ 300 ಲೀಟರ್ ಗಾಳಿ ಸಿಗುತ್ತದೆ, ಮೇಲಿನ ಲೆಕ್ಕದ ಮೂವತ್ತು ತುಂಬುವಿಕೆ. ಅದಕ್ಕೆ ಪೆಸೋ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಒಪ್ಪಿಗೆ ಮತ್ತು ಹೈಡ್ರೋ ಪರೀಕ್ಷೆಯ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಮುದ್ರೆ ಇರಬೇಕು. ರೈಫಲ್ಲಿನ ಸಿಲಿಂಡರಿಗೂ ಆಯಸ್ಸಿದೆ. ತಯಾರಕರು ಸಾಮಾನ್ಯವಾಗಿ ಕೊಡುವುದು 10 ವರ್ಷ. ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳುವ ಹೊಣೆಯನ್ನು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮ ಶೂಟರಿನ ಮೇಲೇ ಹಾಕಿದೆ. ಸೆಕೆಂಡ್‌ಹ್ಯಾಂಡ್ ರೈಫಲ್ ಜೊತೆಗೆ ಈ ಪಂಪನ್ನೂ ಕೊಳ್ಳುವವರು ಸಿಲಿಂಡರಿನ ಮೇಲೆ ಒತ್ತಿದ ದಿನಾಂಕವನ್ನು ಮೊದಲು ಓದಿ. ಅದು ಮುಗಿದಿದ್ದರೆ ಪಂಪಿನ ದುಡ್ಡು ಹೊಸ ಸಿಲಿಂಡರಿಗೆ ಬೇಕಾಗುತ್ತದೆ.