ಡೇವಿಡ್ ರಮ್ಸಿ ನಕ್ಷೆ ಸಂಗ್ರಹ: ತುಂಗಭದ್ರೆಯ ದಂಡೆಯಿಂದ ನೋಡಿದಾಗ

ನಮ್ಮ ಸೀಮೆಯ ಹಳೆಯ ನಕ್ಷೆಗಳು ಒಂದೇ ಕಡೆ ಸಿಗುವುದಿಲ್ಲ. 1800ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಬಳ್ಳಾರಿಯು 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು; ರಾಯಚೂರು ಮತ್ತು ಕೊಪ್ಪಳ ಹೈದರಾಬಾದಿನಲ್ಲೇ ಉಳಿದು 1956ರಲ್ಲಷ್ಟೇ ನಮ್ಮ ರಾಜ್ಯಕ್ಕೆ ಬಂದವು. ಹೀಗಾಗಿ ಒಂದೇ ಹೊಳೆಯ ಎರಡು ದಂಡೆಗಳ ಕಾಗದಪತ್ರಗಳು ಎರಡು ದಿಕ್ಕಿಗೆ ಹೋಗಿವೆ. ರಾಯಚೂರು ದೋಆಬ್ (ಕೃಷ್ಣಾ-ತುಂಗಭದ್ರೆಗಳ ನಡುವಿನ ಸೀಮೆ) ಪ್ರದೇಶದ ನಕ್ಷೆಗಳದ್ದೊಂದು ಚಿಕ್ಕ ಸಂಗ್ರಹವನ್ನು ಕಟ್ಟಬೇಕೆಂದು ಗಂಗಾವತಿಯ ಮನೆಯಲ್ಲೇ ಕುಳಿತು ನಾನು ಕೆಲವು ತಿಂಗಳಿನಿಂದ ಬಳಸುತ್ತಿರುವ ಡೇವಿಡ್ ರಮ್ಸಿ ಜಾಲತಾಣವನ್ನು ಈ ಕಷ್ಟದ ಹಿನ್ನೆಲೆಯಲ್ಲಿಯೇ ಅಳೆದಿದ್ದೇನೆ.

ಅಮೆರಿಕದ ಈ ಸಂಗ್ರಾಹಕರು 1980ರ ದಶಕದಲ್ಲಿ ಕೂಡಿಸಲು ತೊಡಗಿದ ನಕ್ಷೆಗಳ ಮೂಲ ಪ್ರತಿಗಳಿಗಾಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಪ್ರತ್ಯೇಕ ಕೇಂದ್ರವೇ ತೆರೆಯಿತು. ಜಾಲತಾಣದಲ್ಲಿ ಲಕ್ಷಕ್ಕೂ ಮಿಕ್ಕಿದ ಚಿತ್ರಗಳಿವೆ. ನೋಡಲು ಶುಲ್ಕವಿಲ್ಲ, ವ್ಯಾಪಾರಕ್ಕಲ್ಲದೆ ಓದಿಗೆ, ಪಾಠಕ್ಕೆ ಇಳಿಸಿಕೊಳ್ಳಲೂ ಅಡ್ಡಿಯಿಲ್ಲ. ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನಗಳ ಅಮೆರಿಕ ಖಂಡಗಳೇ ಇದರ ಮುಖ್ಯ ಬಲವಾದ್ದರಿಂದ, ಊರೂರಿನ ವಿವರ ಸಿಕ್ಕೀತೆಂಬ ಆಸೆಯಿಂದ ಹೋಗುವುದು ತರವಲ್ಲ. ನಮ್ಮ ಭಾಗ ಕಾಣಿಸುವುದು ಹೆಚ್ಚಾಗಿ ಅಟ್ಲಾಸುಗಳ ಹಾಳೆಗಳಲ್ಲಿ, ಹೆಬ್ಬೆರಳು ಮುಚ್ಚುವಷ್ಟು ಜಾಗದಲ್ಲಿ.

ಆದರೆ ಆ ಹೆಬ್ಬೆರಳಗಲದ ಜಾಗವನ್ನು ಹಿಗ್ಗಿಸಿ ನೋಡಿದಾಗ ಅಕ್ಷರದ ಒಂದು ಗೆರೆಯೂ ಕದಡದಿರುವುದು ಈ ತಾಣದ ದೊಡ್ಡ ಗುಣ. ಹತ್ತೊಂಬತ್ತನೇ ಶತಮಾನದ ಹಾಳೆಗಳಲ್ಲಿ ತುಂಗಭದ್ರೆಯೇ ಗಡಿ. ದಕ್ಷಿಣದ ಹಂಪಿ ಇಂಗ್ಲಿಷರ ಪಾಲು, ಎದುರು ದಂಡೆಯ ಆನೆಗೊಂದಿ ನಿಜಾಮನ ಪಾಲು. ಹರಿಗೋಲಿನಲ್ಲಿ ದಾಟುವಷ್ಟು ದೂರಕ್ಕೆ ಎರಡು ಆಡಳಿತ! ಬಳ್ಳಾರಿ ಜಿಲ್ಲೆಯ ನಡುವೆ ಘೋರ್ಪಡೆಯವರ ಸಂಡೂರು ಸಂಸ್ಥಾನವನ್ನು ಬೇರೆ ಬಣ್ಣದಲ್ಲಿ ತೋರಿಸಿರುವ ಹಾಳೆ ಸಿಕ್ಕಿದ ದಿನ ನಾನು ಊಟದ ಹೊತ್ತನ್ನೂ ಮರೆತಿದ್ದೆ.

ಹುಡುಕುವಾಗ ಇಂದಿನ ಹೆಸರುಗಳನ್ನು ನೆಚ್ಚಿಕೊಳ್ಳಬಾರದು. ‘ಬಳ್ಳಾರಿ’ ಎಂಬ ರೂಪ ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರಲ್ಲಿ. ಅದಕ್ಕೆ ಮೊದಲೆಲ್ಲ ‘ಬೆಲ್ಲಾರಿ’. ಕೊಪ್ಪಳವು ‘ಕೋಪಾಲ್’ ಆಗಿಯೂ ‘ಕೊಪ್‌ಬಾಲ್’ ಆಗಿಯೂ ಬರುತ್ತದೆ. ನಕ್ಷೆಯ ಮೇಲೆ ಅಚ್ಚಾದ ಅಕ್ಷರಗಳನ್ನೇ ಯಂತ್ರದಿಂದ ಓದಿಸಿ ಹುಡುಕುವ ಸೌಲಭ್ಯ ಇಲ್ಲಿರುವುದರಿಂದ, ಶೀರ್ಷಿಕೆಯಲ್ಲಿ ನಮ್ಮ ಊರಿನ ಹೆಸರಿಲ್ಲದ ಹಾಳೆಗಳೂ ಕೈಗೆ ಬರುತ್ತವೆ. ನಾನು ಪ್ರತಿ ಊರಿಗೂ ನಾಲ್ಕೈದು ಕಾಗುಣಿತಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಖಾತೆ ತೆರೆದರೆ ಆಯ್ದ ನಕ್ಷೆಗಳನ್ನು ಒಂದು ಗುಂಪಾಗಿ ಉಳಿಸಿಕೊಳ್ಳಬಹುದು. ನನ್ನ ಗುಂಪಿನಲ್ಲಿ ಈಗ ಮೂವತ್ತೆಂಟು ಹಾಳೆಗಳಿವೆ. ಬೇರೆ ಕಡೆಯಿಂದ ತಂದು ಕೂಡಿಸಿದ, ವರ್ಷ ನಮೂದಾಗದ ಹಾಳೆಗಳಿಗೆ ಕಾಲ ಕಟ್ಟಲು ನನಗೆ ರೈಲು ದಾರಿಯೇ ಸಾಕ್ಷಿ. ಬೊಂಬಾಯಿ ಕಡೆಯ ಹಳಿಯೂ ಮದ್ರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಕೂಡುಗೆರೆ ಇರುವ ಹಾಳೆ ಅದಕ್ಕಿಂತ ಬಹಳ ಹಿಂದಿನದಾಗಿರಲಾರದು.

ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊದಿಸುವ ಸಲಕರಣೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಎರಡರಲ್ಲೂ ಇರುವ ಒಂದೇ ಸ್ಥಳವನ್ನು ಗುರುತಿಸಿ ಜೋಡಿ ಚುಕ್ಕೆಗಳನ್ನು ಇಡುತ್ತಾ ಹೋದರೆ ಹಳೆಯ ಹಾಳೆ ಹಿಗ್ಗಿ, ಕುಗ್ಗಿ, ಬಾಗಿ ಹೊಸದರ ಮೇಲೆ ಕೂರುತ್ತದೆ. ಹೇಗೆ ಬಾಗಿತೆಂಬುದೇ ಹಳೆಯ ಸರ್ವೆಯ ತಪ್ಪಿನ ಲೆಕ್ಕವನ್ನು ಹೇಳುತ್ತದೆ. 1802ರಲ್ಲಿ ಇಂಗ್ಲಿಷ್ ಸರ್ವೇಯರ್ ಲ್ಯಾಂಬ್ಟನ್ ಮದ್ರಾಸಿನಿಂದ ಆರಂಭಿಸಿದ ತ್ರಿಕೋನ ಮಾಪನಕ್ಕಿಂತ (ತ್ರಿಕೋನಗಳ ಕೋನಗಳನ್ನು ಅಳೆದು ದೂರ ಲೆಕ್ಕಹಾಕುವ ಸರ್ವೆ) ಹಿಂದಿನ ನಕ್ಷೆಗಳನ್ನು, ಉದಾಹರಣೆಗೆ ಇಂಗ್ಲಿಷ್ ನಕ್ಷೆಕಾರ ರೆನ್ನೆಲ್‌ನ 1780ರ ದಶಕದ ಭಾರತ ನಕ್ಷೆಯನ್ನು, ಹೀಗೆ ಕೂರಿಸುವುದು ಹೆಚ್ಚು ಕಷ್ಟ. ದಖ್ಖನ್ನಿನ ಒಳನಾಡನ್ನು ಅವನು ಬಹುಮಟ್ಟಿಗೆ ದಂಡಿನ ನಡಿಗೆಯ ದಾರಿಗಳಿಂದಲೂ ಪರರ ವರದಿಗಳಿಂದಲೂ ಹೊಂದಿಸಿದ್ದನು. ನಾನೇ ಮಾಡಿದ ಒಂದು ತಪ್ಪನ್ನೂ ಹೇಳಬೇಕು. ನದಿಯ ಕೂಡಲಿಗಿಂತ ಸ್ಥಿರವಾದ ಗುರುತು ಯಾವುದೆಂದುಕೊಂಡು ಕೃಷ್ಣಾ-ತುಂಗಭದ್ರಾ ಸಂಗಮಕ್ಕೆ ಮೊದಲ ಚುಕ್ಕೆ ಇಟ್ಟೆ. ಆ ಸಂಗಮ ಈಗ ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿದೆಯೆಂಬುದು ಹಾಳೆಯೆಲ್ಲ ಸೊಟ್ಟಗಾದ ಮೇಲೆ ನೆನಪಾಯಿತು. ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು, ಬಳ್ಳಾರಿಯ ಕೋಟೆಗುಡ್ಡ ಇವೇ ನಂಬಿಗಸ್ತ ಗುರುತುಗಳು.

ವಿಷಯಾಧಾರಿತ ನಕ್ಷೆಗಳಿಗೆ ನಾನು ಬೇರೆ ಬಾಗಿಲು ತಟ್ಟಿದ್ದೇನೆ. ಶಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷಿಯಾ ಲೈಬ್ರರಿಯಲ್ಲಿ ಬ್ರಿಟಿಷರ ಕಾಲದ ಭಾರತ ವಿವರಕೋಶವಾದ ಇಂಪೀರಿಯಲ್ ಗೆಜೆಟಿಯರಿನ 1909ರ ಅಟ್ಲಾಸ್ ಇದೆ. ಮಳೆ, ಭೂಗರ್ಭ, ಭಾಷೆ ಹೀಗೆ ಒಂದೊಂದಕ್ಕೂ ಹಾಳೆ. ಬಳ್ಳಾರಿಯ ಕನ್ನಡ-ತೆಲುಗು ಎಲ್ಲೆಯ ಬಗ್ಗೆ ಮಾತಾಡುವವರು ಆ ಭಾಷಾ ನಕ್ಷೆಯನ್ನೊಮ್ಮೆ ನೋಡಬೇಕು, ಅದು ಬಲು ದಪ್ಪ ಕುಂಚದ ಕೆಲಸವೆಂಬ ಎಚ್ಚರದೊಂದಿಗೆ. ಇಂದಿನ ಭೂಬಳಕೆಗೆ ಇಸ್ರೋದ ನಕ್ಷೆ ಜಾಲತಾಣ ಭುವನ್ ಇದೆ.

ಅಚ್ಚು ಹಾಕಿಸುವವರಿಗೆ ಒಂದು ಮಾತು. ಬಳ್ಳಾರಿಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ನನ್ನ ನಕ್ಷೆಯನ್ನು ಚೌಕಟ್ಟಿಗೆ ಹೊಂದಿಸಲೆಂದು ಅಂಚು ಕತ್ತರಿಸಿಬಿಟ್ಟರು. ಅಳತೆಪಟ್ಟಿ ಇದ್ದದ್ದು ಆ ಅಂಚಿನಲ್ಲಿಯೇ. ಎರಡನೆಯ ಸಲ ಪಕ್ಕದಲ್ಲೇ ನಿಂತು ಮಾಡಿಸಿದೆ. ಮೊಬೈಲಿನಲ್ಲಿ ನೋಡಲು ಅಡ್ಡಿಯಿಲ್ಲ, ಚುಕ್ಕೆ ಇಡುವ ಕೆಲಸಕ್ಕೆ ಮಾತ್ರ ದೊಡ್ಡ ಪರದೆಯೂ ಮೌಸೂ ಬೇಕು. ತುಂಗಭದ್ರಾ ಜಲಾಶಯಕ್ಕಿಂತ ಹಿಂದಿನ ಹಾಳೆಯೊಂದನ್ನು ಅರೆಪಾರದರ್ಶಕವಾಗಿಸಿ ಇಂದಿನ ನೀಲಿಯ ಮೇಲೆ ಇಟ್ಟುಕೊಂಡಿದ್ದೇನೆ. ಮುಳುಗಿದ ನಾರಾಯಣದೇವರಕೆರೆಯ ಚುಕ್ಕೆ ಅದರಲ್ಲಿಲ್ಲ, ಅಷ್ಟು ಸಣ್ಣ ಊರನ್ನು ತೋರಿಸುವ ಅಳತೆ ಆ ಹಾಳೆಯದಲ್ಲ. ಅದಕ್ಕೆ ಹಳೆಯ ತಾಲ್ಲೂಕು ನಕ್ಷೆಯನ್ನೇ ಹುಡುಕಬೇಕಾಗಿದೆ.